ಹೆಲಿಕಾಪ್ಟರ್ ನೋಡ್ಬೇಡಿ, ಬಾಗಿಲು ನೋಡಿ

1/10

ಕಳೆದ ವಾರ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಹಳೇ ವಿಡಿಯೊ ಬಂತು. ನೀವೂ ನೋಡಿರ್ತೀರ. ಹೆಲಿಕಾಪ್ಟರ್ ಕೆಳಗೆ ಒಂದು ಸ್ಟ್ರೆಚರ್ ನೇತಾಡ್ತಿದೆ. ಮೊದಲು ನಿಧಾನವಾಗಿ ತಿರುಗತ್ತೆ, ಆಮೇಲೆ ಜೋರಾಗಿ, ಆಮೇಲೆ ಮಿಕ್ಸಿ ಥರ. ಯಾರೋ ಅದಕ್ಕೆ ಡಿಜೆ ಮ್ಯೂಸಿಕ್ ಬೇರೆ ಹಾಕಿದ್ರು. ಗ್ರೂಪ್ ತುಂಬಾ ನಗೋ ಇಮೋಜಿ. ಒಬ್ಬ ಬರೆದ: "ಪೈಲಟ್‌ಗೆ ಲೈಸೆನ್ಸ್ ಕೊಟ್ಟೋರು ಯಾರು ಗುರು?" ನಾನೂ ನಕ್ಕೆ. ಸುಳ್ಳು ಹೇಳಲ್ಲ.

ಆಮೇಲೆ ಹುಡುಕಿ ಓದಿದೆ. ಅದು 2019ರ ಜೂನ್ 4. ಅಮೆರಿಕದ ಅರಿಜೋನಾ ರಾಜ್ಯ, ಫೀನಿಕ್ಸ್ ನಗರ, ಪಿಯೆಸ್ಟೆವಾ ಪೀಕ್ ಅನ್ನೋ ಗುಡ್ಡ. ಸ್ಟ್ರೆಚರ್‌ನಲ್ಲಿ ಇದ್ದದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಗುಡ್ಡ ಹತ್ತುವಾಗ ಬಿದ್ದು ಪೆಟ್ಟು ಮಾಡ್ಕೊಂಡಿದ್ರು. ಹೆಲಿಕಾಪ್ಟರ್ ಪೊಲೀಸರದ್ದು, ಜೊತೆಗೆ ಕೆಲಸ ಮಾಡ್ತಿದ್ದದ್ದು ಅಗ್ನಿಶಾಮಕ ದಳ. ಅಜ್ಜಿ ಬದುಕಿದ್ರು. ಆದರೆ ಆಮೇಲೆ ನಗರಾಡಳಿತದ ಮೇಲೆ ಕೇಸ್ ಹಾಕಿದ್ರು, 4,50,000 ಡಾಲರ್‌ಗೆ ರಾಜಿ ಆಯ್ತು. ನಾವು ಮ್ಯೂಸಿಕ್ ಹಾಕಿ ನೋಡಿದ್ದು ಒಬ್ಬರ ಜೀವನದ ಅತ್ಯಂತ ಭಯದ ನಿಮಿಷವನ್ನ.

ನನ್ನ ಜಗಳ ಇರೋದು ನಮ್ಮ ನೋಟದ ಜೊತೆ. ಹೆಲಿಕಾಪ್ಟರ್ ಬಂತು ಅಂದ ಕೂಡಲೇ ನಾವೆಲ್ಲ ಮೇಲೆ ತಿರುಗೋ ರೆಕ್ಕೆ ನೋಡ್ತೀವಿ. ಒಳಗೆ ಯಾರಿದ್ದಾರೆ, ಯಾರ ಕೆಲಸ ಏನು, ಯಾರ ಕೈಯಲ್ಲಿ ಏನಿದೆ ಅಂತ ನೋಡಲ್ಲ. ಅದಕ್ಕೇ ನಗಬಾರದ ಕಡೆ ನಗ್ತೀವಿ, ಚಪ್ಪಾಳೆ ಹೊಡೀಬಾರದ ಕಡೆ ಹೊಡೀತೀವಿ, ಬೈಬಾರದವರನ್ನ ಬೈತೀವಿ.

ಮೂರಕ್ಕೂ ಒಂದೊಂದು ನಿಜವಾದ ಉದಾಹರಣೆ ಕೊಡ್ತೀನಿ. ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದಿ.

2/10

ಮೊದಲು ಆ ನಗುವಿನ ಲೆಕ್ಕ ಮುಗಿಸೋಣ. ಸ್ಟ್ರೆಚರ್ ಯಾಕೆ ತಿರುಗ್ತು?

ಹೆಲಿಕಾಪ್ಟರ್ ಒಂದೇ ಕಡೆ ನಿಂತು ತೇಲ್ಬೇಕು ಅಂದ್ರೆ ತನ್ನ ತೂಕದಷ್ಟು ಬಲದಲ್ಲಿ ಗಾಳಿಯನ್ನ ಕೆಳಕ್ಕೆ ತಳ್ಳಬೇಕು. ಆ ಗಾಳಿ ನೇರವಾಗಿ ಸ್ಟ್ರೆಚರ್ ಮೇಲೆ ಬೀಳತ್ತೆ. ಸ್ಟ್ರೆಚರ್ ಉದ್ದ, ಚಪ್ಪಟೆ, ಮತ್ತೆ ಒಂದೇ ಕೊಕ್ಕೆಯಿಂದ ನೇತಾಡ್ತಿರತ್ತೆ. ಗಾಳಿಪಟಕ್ಕೆ ಬಾಲಂಗೋಚಿ ಇಲ್ಲದಿದ್ರೆ ಏನಾಗತ್ತೆ? ಅದೇ. ಗಾಳಿ ಒಂದು ಬದಿಗೆ ಚೂರು ಜಾಸ್ತಿ ತಾಗಿದ್ರೂ ತಿರುಗೋಕೆ ಶುರು, ಒಮ್ಮೆ ಶುರುವಾದ್ರೆ ವೇಗ ಏರ್ತಾ ಹೋಗತ್ತೆ.

ಇದು ಅವರಿಗೆ ಗೊತ್ತಿಲ್ಲದ ವಿಷಯ ಅಲ್ಲ. ಅದಕ್ಕೇ ಟ್ಯಾಗ್ ಲೈನ್ ಅಂತ ಒಂದು ಹಗ್ಗ ಇರತ್ತೆ. ಸ್ಟ್ರೆಚರ್‌ನ ಒಂದು ತುದಿಗೆ ಕಟ್ಟಿ, ಇನ್ನೊಂದು ತುದಿಯನ್ನ ನೆಲದಲ್ಲಿ ನಿಂತವರು ಹಿಡ್ಕೊಂಡು, ಮೇಲೆ ಹೋಗ್ತಾ ಹೋಗ್ತಾ ಬಿಟ್ಕೊಡ್ತಾರೆ. ತಿರುಗದ ಹಾಗೆ ತಡೆಯೋದು ಅದೊಂದೇ ಹಗ್ಗದ ಕೆಲಸ. ಇನ್ನೊಂದು ಮಜಾ ಗೊತ್ತಾ? ಎಷ್ಟೋ ಕಡೆ ಆ ಹಗ್ಗಕ್ಕೆ ಬೇಕಂತಲೇ ಒಂದು ದುರ್ಬಲ ಕೊಂಡಿ ಹಾಕಿರ್ತಾರೆ. ಹಗ್ಗ ಮರಕ್ಕೋ ಬಂಡೆಗೋ ಸಿಕ್ಕಿದ್ರೆ ಅದು ಕಿತ್ತು ಹೋಗ್ಬೇಕು, ಇಲ್ಲಾಂದ್ರೆ ಹೆಲಿಕಾಪ್ಟರನ್ನೇ ನೆಲಕ್ಕೆ ಕಟ್ಟಿಹಾಕಿದ ಹಾಗೆ.

ಫೀನಿಕ್ಸ್‌ನಲ್ಲಿ ಟ್ಯಾಗ್ ಲೈನ್ ತುಂಡಾಯ್ತು. ಆಗ ಮೇಲಿದ್ದವರು ಮಾಡಿದ್ದೇನು? ವಿಡಿಯೊ ಮತ್ತೆ ನೋಡಿ, ಈ ಸಲ ಸೌಂಡ್ ಆಫ್ ಮಾಡ್ಕೊಂಡು. ಕೇಬಲನ್ನ ಕೆಳಗೆ ಬಿಟ್ಟು ವೇಗ ತಗ್ಗಿಸೋಕೆ ನೋಡ್ತಾರೆ. ಹೆಲಿಕಾಪ್ಟರನ್ನ ಮುಂದಕ್ಕೆ ಓಡಿಸ್ತಾರೆ. ಮುಂದೆ ಹೋದಾಗ ಎದುರುಗಾಳಿ ಸ್ಟ್ರೆಚರನ್ನ ನೇರ ಮಾಡತ್ತೆ, ರೆಕ್ಕೆಯ ಗಾಳಿ ಹಿಂದಕ್ಕೆ ಸರಿಯತ್ತೆ. ನಾವು "ಯಾಕ್ ಹಂಗೆ ಎಳ್ಕೊಂಡ್ ಹೋಗ್ತಾವ್ನೆ" ಅಂತ ನಕ್ಕಿದ್ದು ಅವರು ಅಜ್ಜಿಯನ್ನ ಉಳಿಸ್ತಿದ್ದ ಕ್ಷಣಕ್ಕೆ.

ತಪ್ಪೇ ಆಗಿಲ್ಲ ಅಂತ ನಾನು ಹೇಳ್ತಿಲ್ಲ. ಪರಿಹಾರ ಕೊಟ್ಟಿದ್ದಾರೆ ಅಂದ್ಮೇಲೆ ಅಜ್ಜಿಗೆ ಆದ ನೋವು ನಿಜ. ಆದರೆ ತಪ್ಪನ್ನ ಪೈಲಟ್‌ನ ಲೈಸೆನ್ಸ್‌ನಲ್ಲಿ ಹುಡುಕೋದು ಸೋಮಾರಿತನ. ಹುಡುಕಬೇಕಾದ್ದು ಆ ಹಗ್ಗದಲ್ಲಿ, ಅದನ್ನ ಹಿಡಿಯೋ ತರಬೇತಿಯಲ್ಲಿ, ಅದು ತುಂಡಾದ್ರೆ ಮುಂದೇನು ಅನ್ನೋ ಅಭ್ಯಾಸದಲ್ಲಿ.

3/10

ಈಗ ನಮ್ಮ ಇನ್ನೊಂದು ಅಭ್ಯಾಸ. ಎಲ್ಲಾದ್ರೂ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ಕಾಮೆಂಟ್‌ನಲ್ಲಿ ಒಂದೇ ಮಾತು: "ಪೊಲೀಸ್ರಿಗೆ ಒಂದು ಹೆಲಿಕಾಪ್ಟರ್ ಕೊಡ್ರಪ್ಪ." ಸರಿ, ಕೊಟ್ರು ಅಂತಿಟ್ಕೊಳ್ಳಿ. ಯಾವ ಕೆಲಸಕ್ಕೆ?

ಹುಡುಕೋದು ಒಂದು ಕೆಲಸ, ಎತ್ತೋದು ಬೇರೆ ಕೆಲಸ. ಎರಡಕ್ಕೂ ಸಾಮಾನು ಬೇರೆ, ಜನ ಬೇರೆ.

ಸಾಧಾರಣ ಪೊಲೀಸ್ ಹೆಲಿಕಾಪ್ಟರ್ ಹುಟ್ಟಿರೋದೇ ಹುಡುಕೋಕೆ. ಹೊಟ್ಟೆ ಕೆಳಗೆ ಒಂದು ಗುಂಡನೆ ಕ್ಯಾಮೆರಾ, ಅದರಲ್ಲಿ ಶಾಖವನ್ನ ನೋಡೋ ಥರ್ಮಲ್ ಕಣ್ಣು. ಕತ್ತಲಲ್ಲಿ ಪೊದೆಯೊಳಗೆ ಮನುಷ್ಯ ಮಲಗಿದ್ರೆ ಮೈ ಬಿಸಿ ಬೆಳ್ಳಗೆ ಕಾಣತ್ತೆ. ದೊಡ್ಡ ಸರ್ಚ್‌ಲೈಟ್, ಮೈಕು, ಮ್ಯಾಪು, ಬೇರೆ ಬೇರೆ ಇಲಾಖೆ ಜೊತೆ ಮಾತಾಡೋ ರೇಡಿಯೊ. ಇವನ್ನೆಲ್ಲ ನೋಡ್ಕೊಳ್ಳೋದು ಪೈಲಟ್ ಅಲ್ಲ. ಟ್ಯಾಕ್ಟಿಕಲ್ ಫ್ಲೈಟ್ ಆಫೀಸರ್ ಅಂತ ಒಬ್ಬ ಪೊಲೀಸ್ ಇರ್ತಾರೆ. ಪೈಲಟ್ ಹಾರಿಸ್ತಾನೆ, ಇವರು ಹುಡುಕ್ತಾರೆ, ಕೆಳಗಿರೋ ತಂಡಕ್ಕೆ ದಾರಿ ಹೇಳ್ತಾರೆ. ಒಬ್ಬನೇ ಎರಡೂ ಮಾಡೋಕೆ ಹೋದ್ರೆ ಎರಡೂ ಕೆಡತ್ತೆ.

ಇಂಗ್ಲೆಂಡ್, ವೇಲ್ಸ್ ನೋಡಿ. ಅಲ್ಲಿ ಎಲ್ಲಾ ಪೊಲೀಸ್ ಹೆಲಿಕಾಪ್ಟರ್‌ಗೆ 2012ರಲ್ಲಿ ಶುರುವಾದ ಒಂದೇ ಸಂಸ್ಥೆ, ನ್ಯಾಷನಲ್ ಪೊಲೀಸ್ ಏರ್ ಸರ್ವಿಸ್. ಸಾಮಾನ್ಯವಾಗಿ ಒಬ್ಬ ಪೈಲಟ್, ಇಬ್ಬರು ಟ್ಯಾಕ್ಟಿಕಲ್ ಫ್ಲೈಟ್ ಆಫೀಸರ್. ಆ ಹೆಲಿಕಾಪ್ಟರ್‌ಗಳಲ್ಲಿ ಮನುಷ್ಯರನ್ನ ಎತ್ತೋ ವಿಂಚೇ ಇಲ್ಲ! ಬೆಟ್ಟದಲ್ಲೋ ಸಮುದ್ರದಲ್ಲೋ ಸಿಕ್ಕಿದವರನ್ನ ಎತ್ತೋಕೆ ಕೋಸ್ಟ್‌ಗಾರ್ಡ್‌ನ ಬೇರೆ ಹೆಲಿಕಾಪ್ಟರ್. ಅದರಲ್ಲಿ ನಾಲ್ಕು ಜನ: ಇಬ್ಬರು ಪೈಲಟ್, ವಿಂಚ್ ನಡೆಸೋ ಒಬ್ಬರು, ಕೇಬಲ್ ಹಿಡ್ಕೊಂಡು ಇಳಿಯೋ ಒಬ್ಬರು.

ದುಡ್ಡಿರೋ ದೇಶ. ಬೇಕಿದ್ರೆ ಪೊಲೀಸ್ ಹೆಲಿಕಾಪ್ಟರ್‌ಗೆಲ್ಲ ಒಂದೊಂದು ವಿಂಚ್ ತಗುಲಿ ಹಾಕಿ ಫೋಟೊ ಹೊಡೆಸ್ಕೊಳ್ಬಹುದಿತ್ತು. ಹಾಗೆ ಮಾಡಿಲ್ಲ. "ಇದು ನಮ್ಮ ಕೆಲಸ, ಅದು ಅವರ ಕೆಲಸ" ಅಂತ ಗೆರೆ ಎಳೆದಿದ್ದಾರೆ.

4/10

ಈ ಪೋಸ್ಟಿನ ಚಿತ್ರ ನಾನೇ ಬರೆದದ್ದು. ಕೆಟ್ಟದಾಗಿದೆ, ಗೊತ್ತು. ಬಾಗಿಲ ಮೇಲೆ ಇರೋ ಆ ಡಬ್ಬ ವಿಂಚ್. ಅದರಿಂದ ಇಳಿಯೋ ಗೆರೆ ಕೇಬಲ್.

ಆ ಸ್ಟೀಲ್ ಕೇಬಲ್ ಸುಮಾರು 5 ಮಿಲಿಮೀಟರ್ ದಪ್ಪ. ನಿಮ್ಮ ಪೆನ್ನಿಗಿಂತ ಸಣ್ಣ. ಹೆಚ್ಚು ಬಳಕೆಯಲ್ಲಿರೋ ಒಂದು ಬಗೆಯ ವಿಂಚ್ ಎತ್ತೋದು 600 ಪೌಂಡ್, ಅಂದ್ರೆ ಸುಮಾರು 272 ಕೆಜಿ. ರಕ್ಷಕ, ಗಾಯಾಳು, ಸ್ಟ್ರೆಚರ್, ಸಾಮಾನು, ಎಲ್ಲಾ ಸೇರಿ ಅಷ್ಟರಲ್ಲೇ ಮುಗೀಬೇಕು. "ಇನ್ನೊಬ್ಬರನ್ನೂ ಹತ್ತಿಸ್ಕೊಳ್ಳಿ" ಅಂತ ಕೆಳಗಿಂದ ಕೂಗಿದ್ರೆ ಆಗಲ್ಲ.

ಪೈಲಟ್‌ಗೆ ತನ್ನ ಕಾಲ ಕೆಳಗೆ ಏನಾಗ್ತಿದೆ ಸರಿಯಾಗಿ ಕಾಣಲ್ಲ. ಹಾಗಾಗಿ ಬಾಗಿಲಲ್ಲಿ ಒಬ್ಬರು ಇರ್ತಾರೆ: ವಿಂಚ್ ಆಪರೇಟರ್. ಸೊಂಟದ ಬೆಲ್ಟನ್ನ ಹೆಲಿಕಾಪ್ಟರ್‌ಗೆ ಕಟ್ಕೊಂಡು, ಅರ್ಧ ಮೈ ಹೊರಗೆ ಹಾಕಿ, ಒಂದು ಕೈಯಲ್ಲಿ ಕಂಟ್ರೋಲ್, ಇನ್ನೊಂದು ಕೈಯಲ್ಲಿ ಕೇಬಲ್. ಆ ಕೈಗೆ ದಪ್ಪ ಗ್ಲೌಸ್. ಕೇಬಲ್ ಎಳೀತಿದ್ಯಾ, ಸಡಿಲ ಆಯ್ತಾ, ನಡುಗ್ತಿದ್ಯಾ, ಎಲ್ಲಾ ಆ ಅಂಗೈಗೆ ಗೊತ್ತಾಗ್ಬೇಕು. ಬಾಯಿ ನಿಲ್ಲಂಗಿಲ್ಲ: "ಮುಂದೆ ಐದು... ಮೂರು... ಬಲಕ್ಕೆ ಎರಡು... ಹಾಗೇ ಇರು."

ಕಿರಿದಾದ ಬಸ್‌ಸ್ಟ್ಯಾಂಡಲ್ಲಿ ಬಸ್ ರಿವರ್ಸ್ ತಗೊಳ್ವಾಗ ಕಂಡಕ್ಟರ್ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಂತಾರಲ್ಲ, ಅದೇ ಸಂಬಂಧ. ಡ್ರೈವರ್ ಎಷ್ಟೇ ಸೀನಿಯರ್ ಆಗಿರ್ಲಿ, ಆ "ಹೋಲ್ಡಾನ್" ಕೇಳಿದ ಕೂಡಲೇ ಬ್ರೇಕ್ ಒತ್ತಬೇಕು.

ಇನ್ನೊಂದು ವಿಷಯ ಇದೆ, ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ವಿಂಚ್‌ನಲ್ಲಿ ಕೇಬಲ್ ಕತ್ತರಿಸೋಕೆ ಸಣ್ಣ ಸಿಡಿಮದ್ದಿನ ವ್ಯವಸ್ಥೆ ಇರತ್ತೆ. ಕೇಬಲ್ ಎಲ್ಲಾದ್ರೂ ಸಿಕ್ಕಿ ಇಡೀ ಹೆಲಿಕಾಪ್ಟರ್ ಬೀಳೋ ಹಾಗಾದ್ರೆ ಕತ್ತರಿಸೋಕೆ. ಬಟನ್ ಪೈಲಟ್ ಹತ್ತಿರವೂ ಇರತ್ತೆ, ಆಪರೇಟರ್ ಹತ್ತಿರವೂ ಇರತ್ತೆ. ಕೇಬಲ್‌ನ ತುದಿಯಲ್ಲಿ ನೇತಾಡೋ ರಕ್ಷಕನಿಗೆ ಇದು ಗೊತ್ತಿರತ್ತೆ. ಗೊತ್ತಿದ್ದೂ ಇಳೀತಾನೆ. ಬಾಗಿಲಲ್ಲಿ ಇರೋರು ಯಾರು ಅಂತ ನೋಡ್ಕೊಂಡೇ ಇಳೀತಾನೆ.

5/10

ಕೇಬಲ್‌ನ ತುದಿಯಲ್ಲಿ ಇಳಿಯೋರ ಬಗ್ಗೆ.

ಇಳಿದ್ಮೇಲೆ ಅವರು ಒಬ್ಬರೇ. ಮೇಲೆ ಕಿವಿ ಕಿತ್ತು ಹೋಗೋ ಸದ್ದು, ಕಣ್ಣಿಗೆ ಧೂಳು, ಕಾಲ ಕೆಳಗೆ ಜಾರೋ ಬಂಡೆ. ಗಾಯಾಳುವಿನ ಕುತ್ತಿಗೆ ಹಿಡೀಬೇಕು, ರಕ್ತ ನಿಲ್ಲಿಸಬೇಕು, ಬೆಲ್ಟ್ ಹಾಕಬೇಕು, ಕೊಕ್ಕೆ ಎರಡು ಸಲ ನೋಡಬೇಕು, ಹೆದರಿ ಕಿರುಚೋರನ್ನ ಸಮಾಧಾನ ಮಾಡಬೇಕು. ಹಾಗಾಗಿ ಅವರು ಬೆಟ್ಟ ಹತ್ತೋರೂ ಆಗಿರಬೇಕು, ಪ್ಯಾರಾಮೆಡಿಕ್ ಕೂಡ ಆಗಿರಬೇಕು.

ಪೊಲೀಸರೇ ಎತ್ತೋ ಕೆಲಸ ಮಾಡೋ ಕಡೆ ಹೇಗಿದೆ ನೋಡಿ. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಇಲಾಖೆ. ಶೆರಿಫ್ ಅಂದ್ರೆ ಅಲ್ಲಿನ ಕೌಂಟಿ ಪೊಲೀಸ್. ಅವರ ಏರ್ ರೆಸ್ಕ್ಯೂ 5 ಅನ್ನೋ ತಂಡಕ್ಕೆ ಸೂಪರ್ ಪ್ಯೂಮಾ ಅನ್ನೋ ದೊಡ್ಡ ಹೆಲಿಕಾಪ್ಟರ್. ಒಳಗೆ ಇಬ್ಬರು ಪೈಲಟ್. ಒಬ್ಬ ಕ್ರೂ ಚೀಫ್, ವಿಂಚ್ ಮತ್ತು ಬಾಗಿಲು ಅವನದ್ದು. ಇಳಿಯೋರು ಪ್ಯಾರಾಮೆಡಿಕ್ ತರಬೇತಿ ಇರೋ ಡೆಪ್ಯುಟಿಗಳು, ಬೆಟ್ಟದಲ್ಲೂ ನೀರಲ್ಲೂ ಕೆಲಸ ಮಾಡಬಲ್ಲವರು. ಒಂದು ಕಾಲು ಮುರಿದವನನ್ನ ಎತ್ತೋಕೆ ಇಷ್ಟು ಜನ.

"ಇಷ್ಟೆಲ್ಲಾ ಯಾಕೆ, ಚಿಕ್ಕದರಲ್ಲಿ ಆಗಲ್ವಾ?" ಆಗತ್ತೆ. ಅದೇ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿ ಶೆರಿಫ್ ಇಲಾಖೆಯ ಹೆಲಿಕಾಪ್ಟರ್ ಹೆಸರು ಹೆನ್ರಿ 1. ಚಿಕ್ಕದು. ಅವರು ವಿಂಚ್ ಬದಲು ಲಾಂಗ್ ಲೈನ್ ಬಳಸ್ತಾರೆ: ಹೆಲಿಕಾಪ್ಟರ್ ಹೊಟ್ಟೆಗೆ ಸುಮಾರು 100 ಅಡಿ ಹಗ್ಗ ಕಟ್ಟಿ, ರಕ್ಷಕ ಅದರ ತುದಿಯಲ್ಲಿ ನೇತಾಡ್ತಾನೇ ಹಾರಿ ಬಂದು, ಗಾಯಾಳುವನ್ನ ತನಗೆ ಕಟ್ಕೊಂಡು, ಹಾಗೇ ಹಾರಿ ಹೋಗಿ ಸಮತಟ್ಟು ಜಾಗದಲ್ಲಿ ಇಳೀತಾನೆ. ಪೈಲಟ್ ಬದಿಗೆ ಬಾಗಿ ಕೆಳಗೆ ನೋಡ್ತಾ ಹಾರಿಸಬೇಕು. ಅದೇ ಒಂದು ಪ್ರತ್ಯೇಕ ವಿದ್ಯೆ. ಅಲ್ಲೂ ಪೈಲಟ್ ಬೇರೆ, ಫ್ಲೈಟ್ ಆಫೀಸರ್ ಬೇರೆ, ಪ್ಯಾರಾಮೆಡಿಕ್ ಬೇರೆ.

ಹೆಲಿಕಾಪ್ಟರ್ ಚಿಕ್ಕದು ಮಾಡಿದ್ರು, ಸಾಮಾನು ಬದಲಾಯಿಸಿದ್ರು, ಕೆಲಸ ಹಂಚೋದನ್ನ ಮಾತ್ರ ಬಿಡಲಿಲ್ಲ.

ಬಿಟ್ಟ ಕಡೆ ಏನಾಯ್ತು? ಮುಂದಿನದು ಅದೇ. ಚಪ್ಪಾಳೆಯ ಕಥೆ.

6/10

2009ರ ಜೂನ್ 9. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ, ಸಾಂಟಾ ಫೆ ಹತ್ತಿರದ ಬೆಟ್ಟಗಳು. ಒಬ್ಬ ವಿದ್ಯಾರ್ಥಿನಿ ಚಾರಣಕ್ಕೆ ಹೋಗಿ ದಾರಿ ತಪ್ಪಿದ್ದಾಳೆ. ಫೋನ್ ಸಿಗ್ತಿದೆ, ಚಳಿ ಏರ್ತಿದೆ. ರಾಜ್ಯ ಪೊಲೀಸರ ಹೆಲಿಕಾಪ್ಟರ್ ಹೊರಡತ್ತೆ. ಅಗುಸ್ಟಾ ಎ-109ಇ, ಒಳ್ಳೇ ಮಿಷಿನ್. ಒಳಗೆ ಇಬ್ಬರೇ: ಒಬ್ಬ ಪೈಲಟ್, ಹುಡುಕೋಕೆ ನೆರವಾಗೋ ಒಬ್ಬ ಪೊಲೀಸ್.

ಹುಡುಗಿ ಕಾಣಿಸ್ತಾಳೆ. ವಿಂಚ್‌ನಲ್ಲಿ ಇಳಿಯೋ ಮೂರನೇ ಮನುಷ್ಯ ಇಲ್ಲ. ಪೈಲಟ್ ಬೆಟ್ಟದ ನೆತ್ತಿಯಲ್ಲಿ, 11,000 ಅಡಿಗೂ ಮೇಲೆ, ಹೆಲಿಕಾಪ್ಟರ್ ಇಳಿಸ್ತಾನೆ. ಆಮೇಲೆ ತಾನೇ ಇಳಿದು ನಡ್ಕೊಂಡು ಹೋಗ್ತಾನೆ. ಹುಡುಗಿಗೆ ನಡೆಯೋಕಾಗಲ್ಲ. ಅವಳನ್ನ ಹೊತ್ಕೊಂಡು ಹತ್ತಿ ಬರ್ತಾನೆ. ಅಷ್ಟರಲ್ಲಿ ಕತ್ತಲು. ಗಾಳಿ. ಮೋಡ ಕವಿದಿದೆ.

ಇಲ್ಲಿಗೆ ನಿಲ್ಲಿಸಿ. ಇಲ್ಲಿವರೆಗಿನ ವಿಡಿಯೊ ಇದ್ದಿದ್ರೆ ನಾವು ಏನ್ ಮಾಡ್ತಿದ್ವಿ? ಹಿಂದೆ ಬಿಜಿಎಮ್, ಸ್ಲೋ ಮೋಷನ್, "ರಿಯಲ್ ಹೀರೊ" ಅಂತ ಬರಹ. ನಾನೇ ಮೊದಲು ಶೇರ್ ಮಾಡ್ತಿದ್ದೆ.

ಅವನು ಆ ಕತ್ತಲಲ್ಲಿ ಮೇಲಕ್ಕೆ ಏರಿಸ್ತಾನೆ. ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರ್ ಬೆಟ್ಟಕ್ಕೆ ತಾಗಿ ಉರುಳತ್ತೆ. ಪೈಲಟ್ ತೀರ್ಕೊಂಡ. ಹುಡುಗಿಯೂ ತೀರ್ಕೊಂಡಳು. ಇನ್ನೊಬ್ಬ ಪೊಲೀಸ್ ಗಾಯಗೊಂಡು ಆ ಚಳಿಯಲ್ಲಿ ರಾತ್ರಿ ಕಳೆದು ಉಳಿದ.

ಆ ಪೈಲಟ್‌ನ ಧೈರ್ಯ ಸುಳ್ಳಲ್ಲ. ಗುರುತಿಲ್ಲದ ಒಬ್ಬ ಹುಡುಗಿಯನ್ನ ಹೊತ್ಕೊಂಡು ಬೆಟ್ಟ ಹತ್ತಿದವನು ಅವನು. ಅವನನ್ನ ಬೈಯೋ ಯೋಗ್ಯತೆ ನನಗಿಲ್ಲ. ಆದರೆ ಆ ರಾತ್ರಿ ಅವನೊಬ್ಬನ ಮೇಲೆ ಎಷ್ಟು ಕೆಲಸ ಬಿದ್ದಿತ್ತು ಎಣಿಸಿ: ಹಾರಿಸೋದು, ಎಲ್ಲಿ ಇಳಿಯೋದು ಅಂತ ತೀರ್ಮಾನಿಸೋದು, ಹುಡುಕಿ ನಡೆಯೋದು, ಹೊತ್ತು ತರೋದು, ಮತ್ತೆ ಹಾರೋದು. ಹೊತ್ತು ತಂದ ಸುಸ್ತಿನಲ್ಲಿ, ಆ ಎತ್ತರದ ತೆಳುಗಾಳಿಯಲ್ಲಿ, "ಈಗ ಹಾರೋದಾ ಬೇಡ್ವಾ" ಅಂತ ತಣ್ಣಗೆ ಯೋಚಿಸೋಕೆ ಇನ್ನೊಂದು ತಲೆ ಅಲ್ಲಿ ಇರಲಿಲ್ಲ.

7/10

ಅಮೆರಿಕದಲ್ಲಿ ವಿಮಾನ ಅಪಘಾತ ಆದ್ರೆ ತನಿಖೆ ಮಾಡೋದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ. ಈ ಅಪಘಾತದ ವರದಿ 2011ರಲ್ಲಿ ಬಂತು.

ಮುಖ್ಯ ಕಾರಣ: ಅಂಥ ಕತ್ತಲು, ಗಾಳಿ, ಮೋಡದಲ್ಲಿ ಹಾರೋಕೆ ಪೈಲಟ್ ತೆಗೆದುಕೊಂಡ ನಿರ್ಧಾರ. ಅಲ್ಲಿಗೆ ಮುಗಿಸಿದ್ರೆ "ಪೈಲಟ್ ತಪ್ಪು" ಅಂತ ಫೈಲ್ ಮುಚ್ಚಬಹುದಿತ್ತು. ವರದಿ ಮುಚ್ಚಲಿಲ್ಲ. ಸುರಕ್ಷತೆಗಿಂತ "ಕೆಲಸ ಮುಗಿಸು" ಅನ್ನೋದಕ್ಕೇ ಮೊದಲ ಸ್ಥಾನ ಕೊಟ್ಟ ಇಲಾಖೆಯ ಸಂಸ್ಕೃತಿ. ಪೈಲಟ್‌ನ ದಣಿವು, ತನ್ನ ಮೇಲೆ ತಾನೇ ಹಾಕ್ಕೊಂಡ ಒತ್ತಡ. ಹಾರಾಟದ ಯಾವ ಹಂತದಲ್ಲೂ ಅಪಾಯದ ಲೆಕ್ಕ ಹಾಕಲೇಬೇಕು ಅನ್ನೋ ನಿಯಮ ಇಲ್ಲದಿರೋದು. ಪೈಲಟ್‌ಗಳ ಸಂಖ್ಯೆ ಸಾಲದಿರೋದು. ಆಕಾಶದಲ್ಲಿರೋರಿಗೂ ನೆಲದಲ್ಲಿ ಹುಡುಕ್ತಿದ್ದ ತಂಡಕ್ಕೂ ಸರಿಯಾದ ಸಂಪರ್ಕ ಇಲ್ಲದಿರೋದು.

ಹೌದು, ನೆಲದ ಮೇಲೂ ತಂಡಗಳಿದ್ವು. ಅಂದ ಹಾಗೆ ಆ ಪೈಲಟ್‌ಗೆ ಹಾರಿಸೋದರ ಜೊತೆಗೆ ಇಲಾಖೆಯ ಮಾಧ್ಯಮ ವಕ್ತಾರನ ಕೆಲಸವೂ ಇತ್ತು. ಒಬ್ಬ ಮನುಷ್ಯ, ಎಷ್ಟು ಟೋಪಿ!

"ಕೆಲಸ ಮುಗಿಸು" ಅನ್ನೋ ಸಂಸ್ಕೃತಿ ಯಾರು ಕಟ್ಟೋದು? ಬರೀ ಮೇಲಧಿಕಾರಿಗಳಾ? ನಾವೂ ಕಟ್ತೀವಿ ಕಣ್ರೋ. ಒಬ್ಬನೇ ನುಗ್ಗಿ ಹೋದವನಿಗೆ ಲಕ್ಷ ಲೈಕ್. ನಿಯಮದ ಪ್ರಕಾರ ನಿಂತು ಯೋಚಿಸಿದವನಿಗೆ "ಹೆದರುಪುಕ್ಕಲ". ಸಿನಿಮಾದಲ್ಲಿ ಹೀರೊ ಒಬ್ಬನೇ ಹಾರಿಸ್ತಾನೆ, ಒಬ್ಬನೇ ಇಳೀತಾನೆ, ಒಬ್ಬನೇ ಹೊಡೀತಾನೆ. ಅದನ್ನ ನೋಡಿ ಬೆಳೆದ ನಾವು ನಿಜವಾದ ರಕ್ಷಣೆಯಲ್ಲೂ ಅದೇ ಒಬ್ಬನನ್ನ ಹುಡುಕ್ತೀವಿ. ಒಬ್ಬನೇ ಎಲ್ಲಾ ಮಾಡಬೇಕಾಗಿ ಬಂತು ಅಂದ್ರೆ, ಮಿಕ್ಕ ಮೂವರನ್ನ ಕೊಡಬೇಕಾದವರು ಕೊಟ್ಟಿಲ್ಲ ಅಂತ ಅರ್ಥ. ಅಲ್ಲಿ ಚಪ್ಪಾಳೆ ಹೊಡೆದ್ರೆ ಕೊಡದೇ ಇದ್ದವರಿಗೆ ಹೊಡೆದ ಹಾಗೆ.

8/10

ಈಗ ಬೈಗುಳದ ಕಥೆ. ಇದು ನಮ್ಮ ಪಕ್ಕದಲ್ಲೇ ನಡೆದದ್ದು.

2022ರ ಫೆಬ್ರವರಿ 7. ಕೇರಳದ ಪಾಲಕ್ಕಾಡ್ ಜಿಲ್ಲೆ, ಮಲಂಪುಳ ಹತ್ತಿರದ ಚೇರಾಡ್ ಬೆಟ್ಟ. ನಮ್ಮ ವಯಸ್ಸಿನ ಒಬ್ಬ ಹುಡುಗ ಜಾರಿ ಬಿದ್ದು, ಕಡಿದಾದ ಬಂಡೆಯ ಒಂದು ಸಣ್ಣ ಪೊಟರೆಯಲ್ಲಿ ಸಿಕ್ಕಿಹಾಕ್ಕೊಂಡ. ಮರುದಿನ ಕೋಸ್ಟ್‌ಗಾರ್ಡ್ ಹೆಲಿಕಾಪ್ಟರ್ ಬಂತು. ಹತ್ತಿರ ಹೋಗೋಕೆ ನೋಡ್ತು, ಆಗಲಿಲ್ಲ, ವಾಪಸ್ ಹೋಯ್ತು.

ನಮ್ಮ ಮನಸ್ಸಲ್ಲಿ ಆಗ ಬರೋ ಮಾತು ನನಗೆ ಗೊತ್ತು. "ಅಷ್ಟು ದೊಡ್ಡ ಹೆಲಿಕಾಪ್ಟರ್ ಇಟ್ಕೊಂಡು ಒಬ್ಬ ಹುಡುಗನ್ನ ಎತ್ತೋಕಾಗ್ಲಿಲ್ವಾ?"

ಆದರೆ ಯೋಚಿಸಿ. ಕಡಿದಾದ ಬಂಡೆ ಪಕ್ಕ ರೆಕ್ಕೆಗೆ ಜಾಗ ಬೇಕು. ಬಂಡೆಗೆ ಬಡಿದ ಗಾಳಿ ಯಾವ ಕಡೆ ತಿರುಗತ್ತೋ ಹೇಳೋಕಾಗಲ್ಲ. ಕೆಳಗೆ ತಳ್ಳೋ ಗಾಳಿ ಹಿಂದಿನ ದಿನದಿಂದ ಅನ್ನ ನೀರಿಲ್ಲದ ಹುಡುಗನನ್ನೇ ಆ ಪೊಟರೆಯಿಂದ ಕೆಡವಬಹುದು. ಇಂಥ ಕಡೆ "ಬೇಡ, ತಿರುಗಿಸು" ಅನ್ನೋ ಮಾತಿಗೆ ನುಗ್ಗೋದಕ್ಕಿಂತ ಜಾಸ್ತಿ ಧೈರ್ಯ ಬೇಕು. ಯಾಕಂದ್ರೆ ಕೆಳಗೆ ಕ್ಯಾಮೆರಾ ಇರತ್ತೆ, ತಾಯಿ ನಿಂತಿರ್ತಾರೆ, ಊರೇ ನಿಂತಿರತ್ತೆ.

ಫೆಬ್ರವರಿ 9ರ ಬೆಳಿಗ್ಗೆ ಸೇನೆಯ ಬೆಟ್ಟ ಹತ್ತೋ ತಂಡ ಅವನ ಹತ್ತಿರ ಮುಟ್ತು. ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟ್ ಕೇಂದ್ರದವರು, ನಮ್ಮ ಬೆಂಗಳೂರಿನ ಪ್ಯಾರಾಶೂಟ್ ರೆಜಿಮೆಂಟ್ ಕೇಂದ್ರದವರು. ನೀರು ಕೊಟ್ಟು, ಹಗ್ಗ ಕಟ್ಟಿ, ಬೆಟ್ಟದ ತುದಿಗೆ ಹತ್ತಿಸಿದ್ರು. ಅಲ್ಲಿಂದ ಹೆಲಿಕಾಪ್ಟರ್ ಅವನನ್ನ ಕರ್ಕೊಂಡು ಹೋಯ್ತು.

ಹಗ್ಗದ ಕೆಲಸ ಹಗ್ಗದವರು ಮಾಡಿದ್ರು. ಹಾರೋ ಕೆಲಸ ಹಾರೋರು ಮಾಡಿದ್ರು. ಹುಡುಗ ಬದುಕಿದ. ವಾಪಸ್ ಹೋದ ಆ ಹೆಲಿಕಾಪ್ಟರ್ ಕೂಡ ಆ ರಕ್ಷಣೆಯ ಒಂದು ಭಾಗವೇ. ಬಿದ್ದಿದ್ರೆ ಎಷ್ಟು ಜನರನ್ನ ಹುಡುಕಬೇಕಿತ್ತು?

9/10

ಸರಿಯಾಗಿ ಹನ್ನೊಂದು ದಿನ ಆದ್ಮೇಲೆ, 2022ರ ಫೆಬ್ರವರಿ 20. ನಮ್ಮ ನಂದಿ ಬೆಟ್ಟ.

ಬ್ರಹ್ಮಗಿರಿ ಬಂಡೆಗಳಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಸಿಕ್ಕಿಹಾಕ್ಕೊಂಡ. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ಯಲಹಂಕ ವಾಯುನೆಲೆಗೆ ಫೋನ್ ಮಾಡ್ತು. ಎಮ್ಐ-17 ಹೊರಟು ಬಂತು. ಅವನಿರೋ ಜಾಗ ತೋರಿಸೋಕೆ ನೆಲದಿಂದ ಸ್ಥಳೀಯ ಪೊಲೀಸರು ದಾರಿ ಹೇಳಿದ್ರು. ಇಳಿಯೋಕೆ ಜಾಗ ಇಲ್ಲ. ಆಗ ಹೆಲಿಕಾಪ್ಟರ್‌ನ ಫ್ಲೈಟ್ ಗನ್ನರ್ ವಿಂಚ್‌ನಲ್ಲಿ ಸುಮಾರು 120 ಅಡಿ ಇಳಿದು, ಹುಡುಗನಿಗೆ ಬೆಲ್ಟ್ ಹಾಕಿ, ಮೇಲೆ ಎತ್ತಿಸಿದ್ರು.

ರೀಲ್ಸ್‌ನಲ್ಲಿ ನಾವು ನೋಡಿದ್ದು ದೊಡ್ಡ ಹೆಲಿಕಾಪ್ಟರ್, ಸಣ್ಣ ಮನುಷ್ಯ. ಆ ಸಣ್ಣ ಮನುಷ್ಯನ ಹುದ್ದೆ ಗನ್ನರ್. ಯುದ್ಧಕ್ಕೆ ಅಂತ ಇರೋ ಹೆಸರು, ಆದರೆ ಕೇಬಲ್‌ನಲ್ಲಿ ಇಳಿದು ಒಬ್ಬ ವಿದ್ಯಾರ್ಥಿಯ ಸೊಂಟಕ್ಕೆ ಬೆಲ್ಟ್ ಹಾಕೋದನ್ನೂ ಕಲಿತಿದ್ರು. ಪೊಲೀಸರು ಹುಡುಕೋ ಕೆಲಸದಲ್ಲಿ ನಿಂತ್ರು, ವಾಯುಪಡೆ ಎತ್ತೋ ಕೆಲಸ ಮಾಡ್ತು. ಯಾರೂ ಎಲ್ಲವನ್ನೂ ಮಾಡೋಕೆ ಹೋಗಲಿಲ್ಲ. ಅದು ಸುಲಭವಾಗಿ ಕಂಡಿದ್ದೇ ಅದಕ್ಕೆ.

ಸುಲಭ ಅಲ್ಲ ಅನ್ನೋದಕ್ಕೆ ಅದೇ ವರ್ಷ ಏಪ್ರಿಲ್ ಸಾಕ್ಷಿ. ಜಾರ್ಖಂಡ್‌ನ ದೇವಘರ್ ಹತ್ತಿರ ತ್ರಿಕೂಟ ಬೆಟ್ಟದ ರೋಪ್‌ವೇ ಏಪ್ರಿಲ್ 10ರಂದು ಕೆಟ್ಟು, ಜನ ಗಾಳಿಯಲ್ಲಿ ಸಿಕ್ಕಿಹಾಕ್ಕೊಂಡ್ರು. ವಾಯುಪಡೆ, ಸೇನೆ, ಎನ್‌ಡಿಆರ್‌ಎಫ್, ಎಲ್ಲರೂ ಬಂದು ಏಪ್ರಿಲ್ 12ರ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಜನರನ್ನ ಉಳಿಸಿದ್ರು. ಆದರೆ ಮೇಲೆ ಎತ್ತುವಾಗಲೇ ಇಬ್ಬರು ಬಿದ್ದು ತೀರ್ಕೊಂಡ್ರು. ಅದರಲ್ಲಿ ಒಬ್ಬರು ಬಿದ್ದದ್ದು ಹೆಲಿಕಾಪ್ಟರ್ ಒಳಗೆ ಎಳ್ಕೊಳ್ಳೋ ಹೊತ್ತಿನಲ್ಲಿ.

ಬಾಗಿಲು. ಕೊನೆಯ ಎರಡು ಅಡಿ. ನುರಿತವರು ಇದ್ದಾಗಲೇ ಅಲ್ಲಿ ಹೀಗಾಗಬಹುದು ಅಂದ್ರೆ, ಅರೆಬರೆ ಕಲಿತವರನ್ನ ಅಲ್ಲಿ ಕೂರಿಸಿದ್ರೆ?

10/10

"ಏನೂ ಇಲ್ಲದಿರೋದಕ್ಕಿಂತ ಒಂದು ಹೆಲಿಕಾಪ್ಟರ್ ಇದ್ರೆ ವಾಸಿ ಅಲ್ವಾ?" ಅಂತ ಕೇಳೋರು ಇರ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಜನ ಇಲ್ಲದ ಹೆಲಿಕಾಪ್ಟರ್ "ಏನೂ ಇಲ್ಲದಿರೋದು" ಅನ್ನೋದಕ್ಕಿಂತ ಕೆಟ್ಟದ್ದು. ಅದು ಇದ್ರೆ ಕಳಿಸಲೇಬೇಕು ಅನ್ನೋ ಒತ್ತಡ ಬರತ್ತೆ, ನೆಲದ ತಂಡವನ್ನ ಎಲ್ಲರೂ ಮರೀತಾರೆ. ನ್ಯೂ ಮೆಕ್ಸಿಕೊದಲ್ಲಿ ಒಳ್ಳೇ ಹೆಲಿಕಾಪ್ಟರೇ ಇತ್ತು.

ಹಾಗಾಗಿ ಎಲ್ಲೇ ಆಗಲಿ, ಯಾರೇ ಆಗಲಿ ರಕ್ಷಣಾ ಹೆಲಿಕಾಪ್ಟರ್ ತರ್ತೀವಿ ಅಂತ ರಿಬ್ಬನ್ ಕಟ್ ಮಾಡೋಕೆ ಬಂದ್ರೆ, ಫೋಟೊಗೆ ಲೈಕ್ ಒತ್ತೋ ಮೊದಲು ಐದು ಪ್ರಶ್ನೆ ಕೇಳೋಣ.

ಬಾಗಿಲಲ್ಲಿ ಯಾರು ಕೂರ್ತಾರೆ, ಅವರಿಗೆ ಬೇರೆ ಡ್ಯೂಟಿ ಇದ್ಯಾ?
ಇಳಿಯೋರು ಪ್ಯಾರಾಮೆಡಿಕ್ ಹೌದಾ?
ತಿಂಗಳಿಗೆ ಎಷ್ಟು ಸಲ, ಹಗಲು ಮತ್ತು ರಾತ್ರಿ, ಅಭ್ಯಾಸ ಮಾಡ್ತಾರೆ?
ನೆಲದ ತಂಡದ ರೇಡಿಯೊ ಮೇಲಿನವರಿಗೆ ಕೇಳ್ಸತ್ತಾ?
"ಇವತ್ತು ಹಾರಲ್ಲ" ಅಂತ ಸಿಬ್ಬಂದಿಯಲ್ಲಿ ಯಾರೇ ಹೇಳಿದ್ರೂ ಆ ಮಾತು ನಡೆಯತ್ತಾ?

ಐದನೆಯದಕ್ಕೆ ಉತ್ತರ "ಇಲ್ಲ" ಅಂದ್ರೆ ಮೊದಲ ನಾಲ್ಕಕ್ಕೆ ಬೆಲೆ ಇಲ್ಲ.

ಇನ್ನು ನಾವು ಮಾಡಬೇಕಾದ್ದು. ಯಾವತ್ತಾದ್ರೂ ನೀವು ಅಂಥ ಜಾಗದಲ್ಲಿ ಇದ್ರೆ: ಡ್ರೋನ್ ಹಾರಿಸ್ಬೇಡಿ, ಯಾರೂ ಹಾರಿಸೋಕೂ ಬಿಡ್ಬೇಡಿ. ಟೋಪಿ, ಟವಲ್, ಟಾರ್ಪಾಲು ಎಲ್ಲಾ ಒತ್ತಿ ಕಟ್ಟಿ, ಹಾರಿದ್ರೆ ರೆಕ್ಕೆಗೆ ಹೋಗತ್ತೆ. ರಾತ್ರಿ ಟಾರ್ಚನ್ನ ಪೈಲಟ್ ಕಣ್ಣಿಗೆ ಬಿಡ್ಬೇಡಿ. ಕೊಕ್ಕೆ ಕೆಳಗೆ ಬಂದ್ರೆ ನೆಲ ಮುಟ್ಟೋವರೆಗೆ ಕೈ ಹಾಕ್ಬೇಡಿ, ಹೆಲಿಕಾಪ್ಟರ್‌ನಲ್ಲಿ ಸೇರಿದ ಸ್ಥಿರ ವಿದ್ಯುತ್ ಶಾಕ್ ಹೊಡೆಯತ್ತೆ. ಕೊಕ್ಕೆಯನ್ನ ಮರಕ್ಕೋ ಬಂಡೆಗೋ ಗಾಡಿಗೋ ಯಾವತ್ತೂ ಸಿಕ್ಕಿಸ್ಬೇಡಿ. ರಕ್ಷಕರು ಇಳಿದ್ಮೇಲೆ ಅವರು ಹೇಳಿದ್ದೇ ಕೊನೆ ಮಾತು.

ಮತ್ತೆ ಆ ತಿರುಗೋ ವಿಡಿಯೊ ಇನ್ನೊಂದು ಗ್ರೂಪಿಗೆ ಬಂದೇ ಬರತ್ತೆ. ಬಂದಾಗ ಮ್ಯೂಟ್ ಮಾಡಿ ನೋಡಿ. ಸ್ಟ್ರೆಚರ್ ಒಳಗೆ ನಿಮ್ಮ ಅಜ್ಜಿ ಇದ್ದಾರೆ ಅಂದ್ಕೊಳ್ಳಿ. ಆಮೇಲೆ ಮೇಲೆ, ಬಾಗಿಲ ಹತ್ತಿರ, ಕೇಬಲ್ ಮೇಲೆ ಕೈ ಇಟ್ಟವರನ್ನ ಹುಡುಕಿ.

ನಾನು ಗ್ರೂಪಲ್ಲಿ ಹಾಕಿದ್ದ ನಗೋ ಇಮೋಜಿ ತೆಗೆದೆ. ಲೈಸೆನ್ಸ್ ಕೇಳಿದವನೂ ಇದನ್ನ ಓದ್ತಿದ್ದಾನೆ. ಕಾಮೆಂಟಲ್ಲಿ ಬಾರೋ, ಜಗಳ ಆಡೋಣ.

#ಬಾಗಿಲುನೋಡಿ #ಹೋಲ್ಡಾನ್ #ರಕ್ಷಣೆ #ನಂದಿಬೆಟ್ಟ #ಕನ್ನಡದಲ್ಲಿಓದಿ